ಡ್ಯೂಟಿ ಒಪ್ಪಿಸುವ ಹೊತ್ತು

(ಮಂಗಳೂರಿನ ಬಲ್ಮಠದ ಹತ್ತಿರ ಒಂದು ಹಳೇ ಹಂಚಿನ ಮನೆ. ಜೂನ್ ತಿಂಗಳ ರಾತ್ರಿ ಎರಡೂವರೆ. ಜಡಿಮಳೆ. ಹೈಸ್ಕೂಲ್ ಟೀಚರ್ ಪ್ರಮೀಳಾ ಟೈಮ್‌ಪೀಸ್ ಹಿಡಿದುಕೊಂಡೇ ಅಡುಗೆಮನೆಗೆ ಬಂದರೆ, ದೊಡ್ಡಮ್ಮ ಆಗಲೇ ಎದ್ದು ಜೀರಿಗೆ ಕಷಾಯಕ್ಕೆ ನೀರಿಟ್ಟಿದ್ದಾರೆ. ದೊಡ್ಡಮ್ಮನಿಗೆ ಎಂಬತ್ತೆರಡು. ಮಿಷನ್ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು.)

ಪ್ರಮೀಳಾ: ನಿಮಗೂ ನಿದ್ದೆ ಇಲ್ವಾ ದೊಡ್ಡಮ್ಮ?

ದೊಡ್ಡಮ್ಮ: ಈ ಪ್ರಾಯದಲ್ಲಿ ನಿದ್ದೆ ಅವಸರದ ನೆಂಟನ ಹಾಗೆ. ಚಾ ಕುಡಿಯುವ ಮೊದಲೇ ಹೊರಡ್ತದೆ. ನನ್ನದು ಬಿಡು, ನಿನ್ನದು ಎಷ್ಟು ದಿನ ಆಯ್ತು?

ಪ್ರಮೀಳಾ: ಇವರಿಗೆ ಆಂಜಿಯೋಪ್ಲಾಸ್ಟಿ ಆದಾಗಿನಿಂದ. ಮೂರು ತಿಂಗಳು. ಡಾಕ್ಟರು ಎಲ್ಲ ಸರಿ ಉಂಟು ಅಂತಾರೆ. ಇವರು ಗೊರಕೆ ಹೊಡೀತಾರೆ, ನಾನು ಪಕ್ಕದಲ್ಲಿ ಉಸಿರು ಎಣಿಸ್ತೇನೆ. ಗೊರಕೆ ನಿಂತರೆ ಎದ್ದು ಕೂತು ಮೂಗಿನ ಹತ್ತಿರ ಬೆರಳು ಹಿಡೀತೇನೆ. ನಾನು ಮಲಗಿದ ದಿನವೇ ಏನಾದ್ರೂ ಆಗ್ತದೆ ಅಂತ ಮನಸ್ಸಿಗೆ ಕೂತುಬಿಟ್ಟಿದೆ.

ದೊಡ್ಡಮ್ಮ: ಡಾಕ್ಟರ ಹತ್ತಿರ ನಿನ್ನ ವಿಷಯ ಹೇಳಿದ್ಯಾ?

ಪ್ರಮೀಳಾ: ಇಲ್ಲ. ಮೊನ್ನೆ ಪ್ರಾರ್ಥನಾ ಕೂಟದಲ್ಲಿ ಒಬ್ಬರು ಹೇಳಿದ್ರು, ಕರ್ತನ ಮೇಲೆ ಭಾರ ಹಾಕಿದವರಿಗೆ ಮಾತ್ರೆ ಯಾಕೆ ಅಂತ. ಆವತ್ತಿನಿಂದ ಚಿಂತೆ ಎರಡಾಯ್ತು. ಒಂದು ಇವರ ಹೃದಯದ್ದು, ಇನ್ನೊಂದು ನನ್ನ ವಿಶ್ವಾಸದ್ದು.

ದೊಡ್ಡಮ್ಮ: ಪ್ರಾರ್ಥನೆ ಒಂದೇ ಸಾಕು ಅಂತಿದ್ರೆ ಬಾಸೆಲ್ ಮಿಷನ್‌ನವರು ಈವಾ ಲೊಂಬಾರ್ಡ್ ಡಾಕ್ಟರಮ್ಮನನ್ನು ಯಾಕೆ ಕಳಿಸ್ತಿದ್ರು? 1923ರಲ್ಲಿ ಉಡುಪಿಯಲ್ಲಿ ಅವರು ಆಸ್ಪತ್ರೆಯನ್ನೇ ತೆರೆದದ್ದಲ್ವಾ? ಎಲೀಯನ ಕತೆ ನೀನೇ ಸಂಡೇ ಸ್ಕೂಲಿನಲ್ಲಿ ಹೇಳಿಕೊಡ್ತಿ. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಗೆಲುವು ಕಂಡವನು ಅದರ ಬೆನ್ನಿಗೇ ಅಡವಿಗೆ ಓಡಿ, ಗಿಡದ ಬುಡದಲ್ಲಿ ಕೂತು ಸಾವು ಬೇಡಿದ. ದೇವದೂತ ಬಂದು ಉಪದೇಶ ಮಾಡಿದನಾ?

ಪ್ರಮೀಳಾ: ಇಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು.

ದೊಡ್ಡಮ್ಮ: ತಿಂದ, ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ್ದು. ಹೋರೇಬಿನ ದಾರಿ ಆಮೇಲೆ. ರೊಟ್ಟಿ ಕೊಟ್ಟವನು ಮಾತ್ರೆಗೆ ಬೇಸರ ಮಾಡ್ತಾನಾ?

ಪ್ರಮೀಳಾ: ಆದ್ರೆ ಎಲೀಯ ಮಲಗಿದ ನೋಡಿ. ಪೇತ್ರ ಸೆರೆಮನೆಯಲ್ಲಿ ಇಬ್ಬರು ಸಿಪಾಯಿಗಳ ನಡುವೆ ಸರಪಳಿಯಲ್ಲೇ ಮಲಗಿದ. ಯೇಸುಸ್ವಾಮಿ ಬಿರುಗಾಳಿಯ ದೋಣಿಯಲ್ಲಿ ದಿಂಬಿಗೆ ತಲೆಯಿಟ್ಟು ಮಲಗಿದ್ರು. ನಂಬಿಕೆ ಇದ್ದವರಿಗೆಲ್ಲ ನಿದ್ದೆ ಬಂತು.

ದೊಡ್ಡಮ್ಮ: ಗೆತ್ಸೇಮನೆ ತೋಟದಲ್ಲಿ ಅದೇ ಯೇಸುಸ್ವಾಮಿ ಎಷ್ಟು ನಿದ್ದೆ ಮಾಡಿದ್ರು? ಆ ರಾತ್ರಿ ಚೆನ್ನಾಗಿ ಮಲಗಿದ್ದು ಶಿಷ್ಯರು. ನಿದ್ದೆಯೇ ವಿಶ್ವಾಸದ ಸರ್ಟಿಫಿಕೇಟ್ ಆದ್ರೆ ಅದು ಆವತ್ತು ಅವರಿಗೇ ಸಿಗಬೇಕಿತ್ತು.

(ಪ್ರಮೀಳಾ ನಗುತ್ತಾಳೆ. ದೊಡ್ಡಮ್ಮ ಕಷಾಯ ಸೋಸಿ, ಬೆಲ್ಲ ಹಾಕಿ ಲೋಟ ಮುಂದಿಡುತ್ತಾರೆ.)

ದೊಡ್ಡಮ್ಮ: 77ನೇ ಕೀರ್ತನೆ ಹಾಡಿದವನು, ದೇವರೇ ತನ್ನ ರೆಪ್ಪೆ ಮುಚ್ಚಲು ಬಿಡುದಿಲ್ಲ ಅಂತ ದೂರ್ತಾನೆ. ಆ ದೂರನ್ನು ಪುಸ್ತಕದಿಂದ ಯಾರೂ ಕಿತ್ತು ಹಾಕಲಿಲ್ಲ. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಆರಾಧನೆಯಲ್ಲೇ ಓದ್ತಾ ಬಂದಿದ್ದಾರೆ.

ಪ್ರಮೀಳಾ: ಪಾಪ ಅಲ್ಲ ಅಂತಾಯ್ತು, ಒಪ್ಪಿದೆ. ಆದ್ರೂ ಪ್ರಾರ್ಥನೆ ಮಾಡಿ ಮಲಗಿದ್ರೆ ಆ ಪ್ರಾರ್ಥನೆಯೇ ಚಿಂತೆ ಆಗ್ತದೆ. ಇವರನ್ನು ಕಾಪಾಡು, ಇವರನ್ನು ಕಾಪಾಡು ಅಂತ ನೂರು ಸಲ ಹೇಳುವಷ್ಟರಲ್ಲಿ ನನ್ನ ಎದೆಯೇ ಡವಡವ ಅಂತದೆ.

ದೊಡ್ಡಮ್ಮ: ಅದು ಕಾಲಿಂಗ್ ಬೆಲ್ ಒತ್ತಿದ ಹಾಗೆ ಆಯ್ತು ಮಾರಾಯ್ತಿ, ಬಾಗಿಲು ತೆಗೆಯುವವರಿಗೂ ಪುರುಸೊತ್ತು ಬೇಡ್ವಾ? ನಮ್ಮಲ್ಲಿ ಡ್ಯೂಟಿ ಒಪ್ಪಿಸುದು ಅಂತ ಒಂದು ಕ್ರಮ ಉಂಟು. ಬೆಳಿಗ್ಗೆ ಹಗಲಿನ ಸಿಸ್ಟರ್ ಬಂದ ಮೇಲೆ ಇಬ್ಬರೂ ಒಂದೊಂದೇ ಮಂಚದ ಹತ್ತಿರ ನಿಲ್ಲುದು. ಒಂದನೇ ಮಂಚ, ಜ್ವರ ನೂರ ಎರಡು, ನಾಲ್ಕು ಗಂಟೆಗೆ ಮಾತ್ರೆ ಕೊಟ್ಟದ್ದು. ಎರಡನೇ ಮಂಚ, ಡ್ರಿಪ್ ಮುಗೀತಾ ಬಂತು. ಮೂರನೇ ಮಂಚ, ರಾತ್ರಿಯಿಡೀ ನರಳಾಟ, ಅರ್ಧ ಲೋಟ ಗಂಜಿ ಕುಡಿದಿದ್ದಾರೆ. ಹೇಳಿ ಮುಗಿದ ಮೇಲೆ ಮದ್ದಿನ ಕಪಾಟಿನ ಬೀಗದ ಕೈ ಅವಳಿಗೆ. ನಾನು ಹೋಗಿ ಮಲಗುದು. ರೋಗಿಗಳಿಗೆ ಗುಣ ಆಯ್ತು ಅಂತ ಮಲಗಿದ್ದಲ್ಲ ಮಗಾ, ಒಪ್ಪಿಸಿ ಆಯ್ತು ಅಂತ ಮಲಗಿದ್ದು.

ಪ್ರಮೀಳಾ: ಬೀಗದ ಕೈ ಕೊಡಲಿಕ್ಕೆ ಮನಸ್ಸು ಬಾರದಿದ್ರೆ?

ದೊಡ್ಡಮ್ಮ: ಬಾರದ ದಿನಗಳೂ ಇದ್ದವು. ಹೊಸದರಲ್ಲಿ ಒಂದು ಬಾಣಂತಿಯನ್ನು ಬಿಟ್ಟು ಹೋಗಲಿಕ್ಕೆ ಆಗದೆ ಹಗಲೂ ಅಲ್ಲೇ ನಿಂತೆ. ಸಂಜೆ ಹೊತ್ತಿಗೆ ಕಣ್ಣು ಮಂಜು. ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಕೊಡುವುದರಲ್ಲಿದ್ದೆ. ಹಿರಿಯ ಸಿಸ್ಟರ್ ಕೈ ಹಿಡಿದು ತಡೆದ್ರು, ಒಂದು ಮಾತೂ ಬೈಲಿಲ್ಲ. ಪ್ರೀತಿಯಿಂದಲೇ ನಿಂತದ್ದು ನಾನು, ಆದ್ರೆ ಆ ಪ್ರೀತಿಗೆ ಸೊಕ್ಕೂ ಸೇರಿತ್ತು. ನಾನಿಲ್ಲದಿದ್ರೆ ಆಗ್ಲಿಕ್ಕಿಲ್ಲ ಅನ್ನುವ ಸೊಕ್ಕು.

ಪ್ರಮೀಳಾ: ಆ ಸಿಸ್ಟರ್ ಕಣ್ಣೆದುರು ಇದ್ರು. ದೇವರಿಗೆ ಒಪ್ಪಿಸಿದ್ದು ತಲುಪಿತು ಅಂತ ಹೇಗೆ ಗೊತ್ತಾಗುದು? ಒಪ್ಪಿಸಿದ ರೋಗಿಯೂ ಸಾಯ್ತಾನಲ್ಲ?

ದೊಡ್ಡಮ್ಮ: ಸಾಯ್ತಾರೆ. ನಿನ್ನ ದೊಡ್ಡಪ್ಪ ಹೋಗುವಾಗ ನಾನು ಪಕ್ಕದಲ್ಲೇ ಎಚ್ಚರ ಇದ್ದೆ. ನನ್ನ ಎಚ್ಚರದಿಂದ ಅವರು ಉಳೀಲಿಲ್ಲ. 121ನೇ ಕೀರ್ತನೆಯಲ್ಲಿ ತೂಕಡಿಸದ ಕಾವಲುಗಾರ ಇದ್ದಾನಲ್ಲ, ಅವನು ಸಾವನ್ನು ಮನೆಯೊಳಗೆ ಬಿಡುದೇ ಇಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗ್ತದೆ. ನಾನು ಕಂಡದ್ದು ಹೇಳ್ತೇನೆ. ವಾರ್ಡಿನ ಮೂಲೆಯಲ್ಲಿ ಸಿಸ್ಟರ ಮೇಜಿನ ದೀಪ ಉರೀತಾ ಇದ್ರೆ ನೋವಿದ್ದವರೂ ಮಲಗ್ತಿದ್ರು. ಕರೆಂಟು ಹೋಗಿ ಆ ದೀಪ ಆರಿದ್ರೆ ನೋವಿಲ್ಲದವರೂ ಎದ್ದು ಸಿಸ್ಟರ್ ಸಿಸ್ಟರ್ ಅಂತ ಕರೀತಿದ್ರು. ಯಾರೋ ಎಚ್ಚರ ಇದ್ದಾರೆ ಅನ್ನುದೇ ಅವರಿಗೆ ಸಾಕಿತ್ತು. ನನ್ನ ವಿಶ್ವಾಸವೂ ಅಷ್ಟೇ. ರುಜುವಾತು ಇಲ್ಲ, ದೀಪ ಉಂಟು.

(ಮಳೆ ಸ್ವಲ್ಪ ಇಳಿದು, ಹಂಚಿನ ತುದಿಯಿಂದ ನೀರು ಅಂಗಳದ ಕೊಡಪಾನಕ್ಕೆ ಬೀಳುವ ಸದ್ದು ಕೇಳತೊಡಗುತ್ತದೆ.)

ಪ್ರಮೀಳಾ: ಇನ್ನೊಂದುಂಟು ದೊಡ್ಡಮ್ಮ, ಹೇಳಲು ನಾಚಿಕೆ. ಮೊನ್ನೆ ನೀವು ಹಲಸಿನ ಹಣ್ಣಿನ ಗಟ್ಟಿ ಮಾಡಿದ್ರಲ್ಲ? ಬಾಳೆ ಎಲೆ ಬಿಡಿಸುವಾಗ ಬಂದ ಆ ಪರಿಮಳಕ್ಕೆ ಎಲ್ಲ ಮರೆತು ಖುಷಿ ಆಯ್ತು. ಮರುಗಳಿಗೆ, ಗಂಡ ಹೀಗಿರುವಾಗ ನನಗೆ ಎಂತ ಖುಷಿ ಅಂತ ಅನ್ನಿಸಿತು.

ದೊಡ್ಡಮ್ಮ: ಮೂರನೇ ಮಂಚದವರು ಅರ್ಧ ಲೋಟ ಗಂಜಿ ಕುಡಿದದ್ದನ್ನು ರಿಪೋರ್ಟಿನಲ್ಲಿ ಬಿಟ್ಟಿದ್ರೆ ನನ್ನ ರಿಪೋರ್ಟು ತಪ್ಪಾಗ್ತಿತ್ತು. ಜ್ವರ ಎಷ್ಟು ನಿಜವೋ ಗಂಜಿಯೂ ಅಷ್ಟೇ ನಿಜ. ನೀನು ಬರೀ ಜ್ವರ ಬರೆದಿಡ್ತಾ ಇದ್ದಿ. ಖುಷಿ ಅಡವಿಯಲ್ಲಿ ದೇವರು ಕೊಟ್ಟ ಮನ್ನದ ಹಾಗೆ, ಆಯಾ ದಿನದ್ದು ಆಯಾ ದಿನವೇ ಹೆಕ್ಕಬೇಕು. ನಾಳೆಗೆ ಕಟ್ಟಿಟ್ಟರೆ ಹುಳ.

ಪ್ರಮೀಳಾ: ಆರನೇ ದಿನ ಎರಡು ಪಟ್ಟು ಹೆಕ್ಕಲು ಹೇಳಿತ್ತು ದೊಡ್ಡಮ್ಮ. ಅದು ಮರುದಿನಕ್ಕೂ ಹಾಳಾಗಲಿಲ್ಲ. ಅಂದ್ರೆ ನಾಳೆಯ ಬಗ್ಗೆ ಯೋಚನೆಯೇ ಮಾಡಬಾರದು ಅಂತ ಇಲ್ಲ.

ದೊಡ್ಡಮ್ಮ: ಸಂಡೇ ಸ್ಕೂಲ್ ಟೀಚರ್ ಹತ್ತಿರ ಗೆಲ್ಲುದುಂಟಾ! ನಿನ್ನ ಮಾತೇ ಸರಿ. ಅವನ ಮಾತ್ರೆ ತಂದಿಡುದು, ಚೆಕಪ್ ತಾರೀಕು ಬರೆದಿಡುದು, ಅದು ಆರನೇ ದಿನದ್ದು. ರಾತ್ರಿ ಎರಡು ಗಂಟೆಗೆ ಉಸಿರು ಎಣಿಸುದು?

ಪ್ರಮೀಳಾ: ಹುಳ.

ದೊಡ್ಡಮ್ಮ: ಹಾಂ. ಇನ್ನು ನರ್ಸ್ ಆಗಿ ನಾಲ್ಕು ಮಾತು. ನಿದ್ದೆ ಬಾರದೆ ಹೊರಳಾಡುವ ಬದಲು ಎದ್ದು ಇಲ್ಲಿ ಬಂದು ಕೂತುಕೋ, ಕಣ್ಣು ಎಳೀಲಿಕ್ಕೆ ಶುರುವಾದ ಮೇಲೆ ಹೋಗು. ಹಾಸಿಗೆಗೆ ಚಿಂತೆಯ ಅಭ್ಯಾಸ ಹಿಡಿಸಬೇಡ. ಸಂಜೆಯ ಕಾಫಿ ಬಿಡು. ಗಂಟೆ ನೋಡಬೇಡ. ವಾರ್ಡಿನಲ್ಲಿ ರಾತ್ರಿಯಿಡೀ ಗಂಟೆ ಎಷ್ಟು ಸಿಸ್ಟರ್ ಅಂತ ಕೇಳುವವರ ಹತ್ತಿರ ಇದ್ದ ಟೈಮ್‌ಪೀಸನ್ನು ನಾನು ಗೋಡೆಗೆ ಮುಖ ಮಾಡಿ ಇಡ್ತಿದ್ದೆ. ಮೂರು ತಿಂಗಳು ಆದ ಮೇಲೆ ಡಾಕ್ಟರಿಗೆ ಹೇಳಲೇಬೇಕು. ನಾನು ಊರಲ್ಲಿ ಇಲ್ಲದ ರಾತ್ರಿ ತೀರಾ ಹೆದರಿಕೆ ಆದ್ರೆ 14416ಕ್ಕೆ ಫೋನ್ ಮಾಡು. ಸರಕಾರದ್ದೇ ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು. ಅಲ್ಲಿಯೂ ರಾತ್ರಿ ಡ್ಯೂಟಿಯವರು ಇರ್ತಾರೆ.

ಪ್ರಮೀಳಾ: ಸರಿ.

ದೊಡ್ಡಮ್ಮ: ಬಾಯಲ್ಲಿ ಸರಿ ಅಂದ್ರೆ ಸಾಲದು. ರಿಪೋರ್ಟ್ ಕೊಡು. ನಾನೂ ಕೇಳ್ತೇನೆ, ದೇವರೂ ಕೇಳ್ಲಿ.

ಪ್ರಮೀಳಾ: (ಕಣ್ಣು ಮುಚ್ಚಿ) ಒಂದನೇ ಮಂಚ, ನನ್ನ ಗಂಡ. ಸ್ಟೆಂಟ್ ಒಂದು. ರಾತ್ರಿಯ ಮಾತ್ರೆ ತಗೊಂಡಿದ್ದಾರೆ. ಗೊರಕೆ ಇಲ್ಲಿಗೆ ಕೇಳ್ತದೆ. ಎರಡನೇ ಮಂಚ, ನಾನು. ನಿದ್ದೆ ಇಲ್ಲ. ಹೆದರಿಕೆ ಉಂಟು. ಅರ್ಧ ಲೋಟ ಕಷಾಯ ಕುಡಿದಿದ್ದೇನೆ.

ದೊಡ್ಡಮ್ಮ: ಆಮೆನ್. ಸೋಮವಾರ ಡಾಕ್ಟರಲ್ಲಿಗೆ, ನಾನೂ ಬರ್ತೇನೆ. ಟೈಮ್‌ಪೀಸ್ ಇಲ್ಲೇ ಬಿಟ್ಟು ಹೋಗು.