ಲೋಕದ ಆಚೆಗಿನ ಬಯಲು

ಕಾರ್ತಿಕದ ಅಮಾವಾಸ್ಯೆಯ ರಾತ್ರಿ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ದಂಡೆಯಲ್ಲಿ ನಿಂತವರಿಗೆ, ನೆತ್ತಿಯಿಂದ ತುಸು ಉತ್ತರಕ್ಕೆ, ಮಸುಕಾದ ಬೆಳಕಿನ ಮಚ್ಚೆಯೊಂದು ಬರಿಗಣ್ಣಿಗೇ ಸಿಗುತ್ತದೆ. ಅದು ಆಂಡ್ರೊಮಿಡಾ ಗೆಲಾಕ್ಸಿ. ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ. ಆಗ ನಮ್ಮ ಮನುಷ್ಯ ಪ್ರಭೇದ ಇನ್ನೂ ಹುಟ್ಟಿರಲಿಲ್ಲ.

ಅದರಾಚೆ?

ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅದು ಹಿಗ್ಗುತ್ತಲೇ ಬಂದಿರುವುದರಿಂದ, ಕಾಣಬಲ್ಲ ಭಾಗದ ಎಲ್ಲೆ ಇಂದು 4,600 ಕೋಟಿ ಜ್ಯೋತಿರ್ವರ್ಷಗಳಷ್ಟು ದೂರ. ಆದರೆ ಅದು ನೋಟದ ಎಲ್ಲೆ, ವಿಶ್ವದ್ದಲ್ಲ. ಪ್ಲಾಂಕ್ ಉಪಗ್ರಹದ ಅಳತೆಗಳ ಪ್ರಕಾರ ವಿಶ್ವದ ಹರವು ಬಹುತೇಕ ಸಪಾಟು. ಸಪಾಟು ಹರವು ಕೊನೆಯಿಲ್ಲದೆ ಹಬ್ಬಿರಬಹುದು, ಆದರೆ ಅಷ್ಟಕ್ಕೇ ಅದು ಅನಂತವೆಂದು ಸಾಬೀತಾಗುವುದಿಲ್ಲ.

ಗೋಕಾಕ, ಮೂಡಲಗಿ ಸೀಮೆಗೆ ಕೊನೆಯಿದೆಯೇ ಇಲ್ಲವೇ ಎಂಬ ಈ ಪ್ರಶ್ನೆ ಹೊಸದಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಆಳವಾಗಿ ಬೇರೂರಿರುವ ಜೈನ ದರ್ಶನ, ಜೀವಗಳಿರುವ ಲೋಕಾಕಾಶಕ್ಕೆ ಮಿತಿ ಹೇಳುತ್ತದೆ. ಸುತ್ತಲಿನ ಅಲೋಕಾಕಾಶಕ್ಕೆ ಮಿತಿಯೇ ಇಲ್ಲ. 12ನೇ ಶತಮಾನದ ವಚನಕಾರ ಅಲ್ಲಮಪ್ರಭು ಬಯಲನ್ನು, ಅಂದರೆ ಶೂನ್ಯವನ್ನು, ಅಳೆಯಹೋಗಲಿಲ್ಲ, ಬಯಲಾಗುವುದನ್ನೇ ಹಿರಿದೆಂದ. ಇವನ್ನು ವಿಜ್ಞಾನಕ್ಕೆ ಪುರಾವೆಯಾಗಿ ಎಳೆದು ತರುವುದು ಎರಡಕ್ಕೂ ಅನ್ಯಾಯ. ಆದರೂ ಕೊನೆಯಿಲ್ಲದ್ದನ್ನು ಅಂಜದೆ ಯೋಚಿಸಿದ ಆ ಧೈರ್ಯ ದೊಡ್ಡದು. ಘಟಪ್ರಭಾ ನದಿಯ ದಂಡೆಯ ಶಾಲೆಗಳು ಅಲೋಕಾಕಾಶದ ಪಾಠವನ್ನೂ ಪ್ಲಾಂಕ್ ಅಳತೆಯನ್ನೂ ಒಟ್ಟಿಗೇ ಮಕ್ಕಳ ಮುಂದಿಡಲಿ.