ಬ್ರಾಹ್ಮೀ ಮುಹೂರ್ತ ಯಾರ ಸೊತ್ತು?

ಬೆಳಗಿನ ಜಾವದಲ್ಲಿ ಏಳುವುದು ಒಳ್ಳೆಯದೆಂಬ ಮಾತಿಗೆ ಎದುರಾಡುವವರು ವಿರಳ. ವಿದ್ಯಾರ್ಥಿಗೆ ಪಾಠ ಮನನವಾಗುತ್ತದೆ. ವ್ಯಾಪಾರಿಗೆ ಲೆಕ್ಕಪತ್ರ ಮುಗಿಯುತ್ತದೆ. ರೈತನಿಗೆ ಬಿಸಿಲೇರುವ ಮುನ್ನ ಹೊಲದ ಕೆಲಸ ಸಾಗುತ್ತದೆ. ದಿನಕ್ಕೆ ಒಂದು ಗಂಟೆ ಬೇಗ ಎದ್ದರೆ ವರ್ಷಕ್ಕೆ ೩೬೫ ಗಂಟೆ ಗಳಿಸಿದಂತಾಯಿತೆಂದು ಲೆಕ್ಕ ಹಾಕಿ ತೋರಿಸುವ ಪುಸ್ತಕಗಳೂ ಉಪನ್ಯಾಸಗಳೂ ಈಗ ಹೇರಳವಾಗಿವೆ. ನಮ್ಮ ಶ್ರಾವಕಾಚಾರ ಗ್ರಂಥಗಳೂ ಬೇಗನೆ ಏಳಬೇಕೆಂದೇ ವಿಧಿಸುತ್ತವೆ. ಹಾಗಾದರೆ ಎರಡರ ಉಪದೇಶವೂ ಒಂದೆಯೆ? ನಿದ್ರೆಯಿಂದ ಬಿಡಿಸಿಕೊಂಡ ಆ ಹೊತ್ತು ಯಾರ ಸೊತ್ತು? ಇದು ವಿಚಾರಾರ್ಹವಾದ ಪ್ರಶ್ನೆ.

೧೩ನೆಯ ಶತಮಾನದ ಪಂಡಿತ ಆಶಾಧರರು ತಮ್ಮ ‘ಸಾಗಾರಧರ್ಮಾಮೃತ’ದಲ್ಲಿ ಶ್ರಾವಕನ ದಿನಚರಿಯನ್ನು ಬ್ರಾಹ್ಮೀ ಮುಹೂರ್ತದಿಂದಲೇ ತೊಡಗಿಸುತ್ತಾರೆ. ಅವರು ಸ್ವತಃ ಗೃಹಸ್ಥರು; ಸಂಸಾರದ ತಾಪತ್ರಯಗಳನ್ನು ಬಲ್ಲವರು. ಎದ್ದವನು ಮೊದಲು ಪಂಚನಮಸ್ಕಾರವನ್ನು ಜಪಿಸಬೇಕು. ಬಳಿಕ ತಾನು ಯಾರು, ತನ್ನ ಧರ್ಮವಾವುದು, ತಾನು ಹಿಡಿದ ವ್ರತವಾವುದು ಎಂದು ವಿಚಾರ ಮಾಡಬೇಕೆಂಬುದು ಅವರ ವಿಧಿ. ಇಂದು ಮುಗಿಸಬೇಕಾದ ಕೆಲಸಗಳೆಷ್ಟು ಎಂಬ ಪ್ರಶ್ನೆ ಅಲ್ಲಿ ಮೊದಲು ಬರುವುದಿಲ್ಲ.

ಇದಕ್ಕೆ ಕಾರಣ ಆ ಹೊತ್ತಿನ ಸ್ವಭಾವದಲ್ಲಿಯೇ ಇದೆ. ಒಂದು ಮುಹೂರ್ತಕ್ಕೆ ಎರಡು ಗಳಿಗೆ, ಅಂದರೆ ೪೮ ನಿಮಿಷ. ಬ್ರಾಹ್ಮೀ ಮುಹೂರ್ತವು ಸೂರ್ಯೋದಯಕ್ಕೆ ೯೬ ನಿಮಿಷ ಮುಂಚೆ ಆರಂಭವಾಗಿ ೪೮ ನಿಮಿಷ ಮುಂಚೆ ಮುಗಿಯುತ್ತದೆ. ಆರು ಗಂಟೆಗೆ ಸೂರ್ಯೋದಯವಾಗುವ ದಿನ ಅದು ೪-೨೪ರಿಂದ ೫-೧೨ರವರೆಗೆ ಇರುತ್ತದೆ. ಆಗಿನ್ನೂ ಕತ್ತಲೆ. ಸೂರ್ಯಪ್ರಕಾಶದಲ್ಲಿ ಮುಂದಿನ ನೆಲವನ್ನು ನೋಡಿ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯನ್ನು ಪಾಲಿಸುವ ಮುನಿಗಳು ಆಗ ವಿಹಾರ ಮಾಡುವುದಿಲ್ಲ. ವ್ರತನಿಷ್ಠರ ಮನೆಗಳಲ್ಲಿ ಒಲೆ ಹೊತ್ತಿಸುವುದು, ನೀರು ಸೋಸುವುದು, ಗುಡಿಸಿ ಸಾರಿಸುವುದು ಬೆಳಕು ಹರಿದ ಮೇಲೆಯೇ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳಿಗೆ ಘಾತವಾಗಬಾರದೆಂಬುದೇ ಇದರ ಉದ್ದೇಶ. ವಿದ್ಯುದ್ದೀಪವಿರುವಾಗ ಈ ನಿರ್ಬಂಧವೇಕೆಂದು ಕೆಲವರು ಕೇಳಬಹುದು. ದೀಪದ ಬೆಳಕು ಹುಳುಗಳನ್ನು ತೋರಿಸುವುದೇನೋ ನಿಜ. ಆದರೆ ಅವುಗಳನ್ನು ಕರೆತರುವುದೂ ಅದೇ ಬೆಳಕು.

ಹೀಗೆ ಬೇಗ ಏಳೆಂದ ಶಾಸ್ತ್ರವೇ ಎದ್ದೊಡನೆ ಆರಂಭಕ್ಕೆ, ಅಂದರೆ ಜೀವಘಾತಕ್ಕೆ ಎಡೆಯಾಗುವ ಗೃಹಕೃತ್ಯ ವ್ಯವಹಾರಾದಿಗಳಿಗೆ, ಕೈಹಾಕಬೇಡವೆಂದೂ ಹೇಳಿದಂತಾಯಿತು. ಮಿಕ್ಕುಳಿಯುವುದು ಜಪ, ಸ್ವಾಧ್ಯಾಯ ಮತ್ತು ಸಾಮಾಯಿಕ. ಆ ಹೊತ್ತು ಫಲ ಕೊಡುವುದು ಅದರಿಂದ ನಾವು ಏನನ್ನೂ ಗಳಿಸದೆ ಇದ್ದಾಗಲೇ.

ಅರ್ಥಾರ್ಜನೆಗಾಗಿ ಬೇಗ ಏಳುವುದು ದೋಷವೆಂದು ಇದರ ತಾತ್ಪರ್ಯವಲ್ಲ. ಧರ್ಮ, ಅರ್ಥ, ಕಾಮಗಳನ್ನು ಒಂದಕ್ಕೊಂದು ಬಾಧೆಯಾಗದಂತೆ ಸೇವಿಸುವವನೇ ಯೋಗ್ಯ ಗೃಹಸ್ಥನೆಂದು ಆಶಾಧರರೇ ಒಪ್ಪಿದ್ದಾರೆ. ಪರೀಕ್ಷೆಗೆ ಓದುವ ಬಾಲಕನು ನಾಲ್ಕಕ್ಕೆ ಎದ್ದರೆ ಅದು ಶ್ಲಾಘ್ಯವೇ. ಆದರೆ ಅದು ಉತ್ತಮ ಅಭ್ಯಾಸ, ವ್ರತವಲ್ಲ. ಹೊಂಚು ಹಾಕುವ ಕಳ್ಳನೂ ಆ ಹೊತ್ತಿನಲ್ಲಿ ಎಚ್ಚರವಾಗಿಯೇ ಇರುತ್ತಾನೆ. ಏಳುವುದರಿಂದಲೇ ಗುಣ ಬರುವುದಿಲ್ಲ. ಯಾತಕ್ಕಾಗಿ ಎದ್ದೆವೆಂಬುದರಿಂದ ಬರುತ್ತದೆ. ಪರಿಗ್ರಹ ಪರಿಮಾಣವ್ರತವನ್ನು ಹಿಡಿದವರು ಹೊಲ, ಮನೆ, ಹೊನ್ನುಗಳಿಗೆ ಮಿತಿ ಹಾಕಿಕೊಳ್ಳುತ್ತಾರೆ. ಉಳಿಸಿದ ಪ್ರತಿಯೊಂದು ನಿಮಿಷವನ್ನೂ ಮತ್ತಷ್ಟು ಗಳಿಕೆಗೇ ಹೂಡಿದರೆ ಆ ಮಿತಿಯ ಭಾವ ಉಳಿಯುವುದು ಹೇಗೆ?

ಇನ್ನೊಂದು ವಿಷಯವನ್ನು ನಮ್ಮ ಮನೆಗಳಲ್ಲಿ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಯಜಮಾನರು ನಾಲ್ಕೂವರೆಗೆ ಎದ್ದು ಸಾಮಾಯಿಕಕ್ಕೆ ಕುಳಿತುಕೊಳ್ಳುತ್ತಾರೆ. ಅವರ ಸ್ನಾನಕ್ಕೆ ನೀರು ಕಾಯಿಸಿ ಮಡಿಬಟ್ಟೆ ಒದಗಿಸಲು ಮನೆಯಾಕೆ ನಾಲ್ಕಕ್ಕೇ ಏಳುತ್ತಾಳೆ. ಹಿಂದಿನ ರಾತ್ರಿ ಪಾತ್ರೆ ತೊಳೆದು, ಮಕ್ಕಳನ್ನು ಮಲಗಿಸಿ, ಎಲ್ಲರಿಗಿಂತ ಕಡೆಗೆ ಮಲಗಿದವಳೂ ಅವಳೇ. ನಮ್ಮ ಆಗಮವು ಕರ್ಮಾಸ್ರವವನ್ನು ಕೃತ, ಕಾರಿತ, ಅನುಮೋದನೆ ಎಂದು ಮೂರು ವಿಧವಾಗಿ ಎಣಿಸುತ್ತದೆ. ತಾನು ಮಾಡದೆ ಇನ್ನೊಬ್ಬರಿಂದ ಮಾಡಿಸಿದ್ದೂ ತನ್ನ ಲೆಕ್ಕಕ್ಕೇ ಸೇರುತ್ತದೆ. ಮತ್ತೊಬ್ಬರ ನಿದ್ರೆಯನ್ನು ತೆತ್ತು ಪಡೆದ ಮುಹೂರ್ತದಲ್ಲಿ ಸಮತಾಭಾವ ನೆಲೆಗೊಳ್ಳುವುದೆಂತು? ತನ್ನ ಕೆಲಸವನ್ನು ತಾನೇ ಮಾಡಿಕೊಂಡು, ಶ್ರಾವಿಕೆಗೂ ಆ ೪೮ ನಿಮಿಷ ಜಪಕ್ಕೆ ದೊರೆಯುವಂತೆ ಮಾಡಿದವನ ಸಾಮಾಯಿಕವೇ ನಿರ್ದೋಷವಾದುದು.

ನಿದ್ರೆಯು ದರ್ಶನಾವರಣೀಯ ಕರ್ಮದ ಉದಯವೆಂದೂ, ಹದಿನೈದು ಪ್ರಮಾದಗಳಲ್ಲಿ ಒಂದೆಂದೂ ಶಾಸ್ತ್ರವು ಹೇಳುವುದು ನಿಜ. ಆದರೂ ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಅಡಗಿಸಲೂ ಬಾರದು, ಮೀರಲೂ ಬಾರದು. ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ರೆ ಬೇಕೆಂಬುದು ಇಂದಿನ ವೈದ್ಯರ ಅಭಿಪ್ರಾಯ. ಆದ್ದರಿಂದ ಬೇಗ ಏಳುವ ನಿಯಮವು ಹಿಂದಿನ ಸಂಜೆಯಲ್ಲಿಯೇ ಆರಂಭವಾಗಬೇಕು. ರಾತ್ರಿಭೋಜನ ತ್ಯಾಗವು ಇಲ್ಲಿ ದೊಡ್ಡ ಉಪಕಾರ ಮಾಡುತ್ತದೆ. ಹೊತ್ತು ಮುಳುಗುವ ಮುನ್ನ ಊಟ ಮುಗಿದ ಮನೆಯಲ್ಲಿ ಅಡುಗೆಮನೆಯೂ ಬೇಗ ಮುಚ್ಚುತ್ತದೆ. ಒಂಬತ್ತೂವರೆಗೆ ಮಲಗಿದವರು ನಾಲ್ಕೂವರೆಗೆ ಎದ್ದರೂ ಏಳು ಗಂಟೆ ತುಂಬುತ್ತದೆ. ಇನ್ನು ರಾತ್ರಿಪಾಳಿಯ ದಾದಿಗೂ ಬಸ್ಸಿನ ಚಾಲಕನಿಗೂ ಗಡಿಯಾರದ ನಾಲ್ಕೂವರೆಯೇ ಮುಖ್ಯವಲ್ಲ. ತಾವು ಎದ್ದ ಮೇಲಿನ ಮೊದಲ ಮುಹೂರ್ತವನ್ನು ವ್ಯವಹಾರಕ್ಕೆ ಕೊಡದಿದ್ದರೆ ನಿಯಮದ ತಿರುಳು ಅವರಲ್ಲಿಯೂ ಉಳಿಯುತ್ತದೆ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಕಾಲಮಿತಿಯುಳ್ಳ ತ್ಯಾಗಕ್ಕೆ ನಿಯಮವೆಂದೂ ಯಾವಜ್ಜೀವ ತ್ಯಾಗಕ್ಕೆ ಯಮವೆಂದೂ ಹೆಸರಿಟ್ಟಿದ್ದಾರೆ. ಹೊಸಬರು ಯಮಕ್ಕೆ ಹಾತೊರೆಯಬೇಕಾಗಿಲ್ಲ. ದಶಲಕ್ಷಣ ಪರ್ವದ ಹತ್ತು ದಿನಗಳಿಗೆ ಒಂದೇ ಮುಹೂರ್ತದ ನಿಯಮವನ್ನು ಹಿಡಿಯಲಿ. ನಿರ್ವಿಘ್ನವಾಗಿ ನಡೆದರೆ ಚಾತುರ್ಮಾಸದ ನಾಲ್ಕು ತಿಂಗಳಿಗೆ ವಿಸ್ತರಿಸಲಿ. ಒಂದು ದಿನ ಮರೆತರೆ, ಅಥವಾ ಎದ್ದೂ ಮನಸ್ಸಿಲ್ಲದೆ ಕುಳಿತರೆ, ವ್ರತವೇ ಕೆಟ್ಟಿತೆಂದು ಕೈಬಿಡಬಾರದು. ಮರೆವನ್ನೂ ಅನಾದರವನ್ನೂ ತತ್ತ್ವಾರ್ಥಸೂತ್ರವು ಸಾಮಾಯಿಕದ ಅತಿಚಾರಗಳಲ್ಲಿ ಎಣಿಸಿದೆ. ಅತಿಚಾರವು ವ್ರತಕ್ಕೆ ತಗುಲಿದ ಮಲಿನತೆ, ವ್ರತಭಂಗವಲ್ಲ. ಪ್ರತಿಕ್ರಮಣದಿಂದ ಅದನ್ನು ತೊಳೆದುಕೊಂಡು ಮರುದಿನ ಮತ್ತೆ ಏಳಬೇಕು.

ದಿನದ ಮೂವತ್ತು ಮುಹೂರ್ತಗಳಲ್ಲಿ ಇಪ್ಪತ್ತೊಂಬತ್ತನ್ನು ದೇಹವೂ ಸಂಸಾರವೂ ಹಂಚಿಕೊಳ್ಳಲಿ. ಒಂದನ್ನಾದರೂ ಆತ್ಮಕ್ಕೆ ಮೀಸಲಿಡುವುದು ಶ್ರಾವಕನ ಕರ್ತವ್ಯ.