ಹಬ್ಬದ ಅಡುಗೆ ಸಸಾರವಾದರೆ

ಘಟಸ್ಥಾಪನೆಯ ಹೊತ್ತಿಗೆ ಫೋನು ತೆರೆದರೆ ಸಾಕು, ಒಂದೇ ತರಹದ ವಿಡಿಯೋಗಳು ಸಾಲುಗಟ್ಟಿರುತ್ತವೆ. ಹಬ್ಬಕ್ಕೆ ಐದು ಸುಲಭ ಅಡುಗೆ, ಹೂರಣ ರುಬ್ಬದೆ ಹೋಳಿಗೆ, ಒಂದೇ ತಾಸಿನಲ್ಲಿ ಹಬ್ಬದೂಟ. ದಸರೆಯಿಂದ ದೀಪಾವಳಿಯವರೆಗೆ ಇವುಗಳದೇ ಸುಗ್ಗಿ. ಕಳೆದ ವರ್ಷ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಅಣ್ಣ ಇಂಥದ್ದೊಂದನ್ನು ಹಾಕಿ, "ನೋಡ್ರಿ, ಎಷ್ಟು ಸುಲಭ ಐತಿ" ಎಂದು ಬರೆದಿದ್ದ. ಚಿಗವ್ವ ಕಳಿಸಿದ ಉತ್ತರ ಒಂದೇ ಸಾಲು: "ಸುಲಭ ಅಂದಾವ್ರು ಮಾಡಾವ್ರೋ, ಉಣ್ಣಾವ್ರೋ?" ನಾಲ್ಕಾರು ನಗುವ ಮುಖಗಳು ಬಿದ್ದವು, ಮಾತು ಅಲ್ಲಿಗೇ ನಿಂತಿತು. ನನಗೆ ಮಾತ್ರ ಅದು ನಗೆಯಲ್ಲಿ ಮುಗಿಯುವ ಪ್ರಶ್ನೆ ಅನ್ನಿಸಲಿಲ್ಲ. 'ಸುಲಭ' ಎನ್ನುವುದು ಯಾವ ಕಡೆ ನಿಂತು ಆಡುವ ಮಾತು?

ಅರ್ಧ ಉತ್ತರ ಪದದಲ್ಲೇ ಇದೆ. ಸಂಸ್ಕೃತದ 'ಲಭ್' ಧಾತುವಿನಿಂದ ಬಂದ 'ಸುಲಭ'ದ ಮೂಲ ಅರ್ಥ ಸಲೀಸಾಗಿ ದಕ್ಕುವಂಥದ್ದು ಎಂದು. ಅದು ಪಡೆಯುವವರ ಪದ, ಮಾಡುವವರದಲ್ಲ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಮಾತಿದೆ: ಸಸಾರ. ಒಂದು ಕೆಲಸ ಸಸಾರವಾಯಿತು ಅಂದರೆ ಹಗುರಾಯಿತು ಎಂದರ್ಥ. ಒಬ್ಬರನ್ನು ಸಸಾರ ಮಾಡಿದರು ಅಂದರೆ ತಾತ್ಸಾರ ಮಾಡಿದರು ಎಂದರ್ಥ. ಹಗುರಾದದ್ದು ಕೀಳೂ ಆಗಿಬಿಡುತ್ತದೆ ಎಂಬ ಅಂಜಿಕೆ ಈ ಒಂದೇ ಪದದೊಳಗೆ ಕೂತಿದೆ. ಹಬ್ಬದ ಅಡುಗೆಯ ನೈತಿಕ ತೊಡಕು ಇರುವುದೂ ಇಲ್ಲೇ ಎಂದು ನನಗೆ ತೋರುತ್ತದೆ. ಕಷ್ಟಪಟ್ಟು ಮಾಡಿದ್ದಕ್ಕೆ ಮಾತ್ರ ಬೆಲೆ ಕೊಡುವುದನ್ನು ನಾವು ರೂಢಿ ಮಾಡಿಕೊಂಡಿದ್ದೇವೆ. ಹಾಗಾಗಿ ಕಷ್ಟ ಕಡಿಮೆ ಮಾಡಿಕೊಳ್ಳುವುದೆಂದರೆ ಬೆಲೆಯನ್ನೂ ಕಳೆದುಕೊಳ್ಳುವುದು ಎಂದಾಗಿದೆ.

ಈ ತೊಡಕು ಚೆನ್ನಾಗಿ ಕಾಣುವುದು ಶೀಗಿ ಹುಣ್ಣಿಮೆಯ ದಿನ. ವಿಜಯದಶಮಿಯಾಗಿ ಐದು ದಿನಕ್ಕೆ ಬರುವ ಆಶ್ವೀಜದ ಹುಣ್ಣಿಮೆ ಅದು. ಧಾರವಾಡ ಸೀಮೆಯಲ್ಲಿ ಆಗ ಹೊಲ ತುಂಬಿರುತ್ತದೆ: ಹತ್ತಿ, ಶೇಂಗಾ, ಮೆಣಸಿನ ಗಿಡ. ಪೈರು ಹೊತ್ತ ಭೂಮಿ ಈಗ ಬಸುರಿ, ಅವಳ ಬಯಕೆ ತೀರಿಸಬೇಕು ಎನ್ನುವುದು ನಂಬಿಕೆ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಬಹಳ ಕಡೆ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಪಾಂಡವರೆಂದು ಪೂಜಿಸಿ, ಎಡೆ ಹಿಡಿಯುತ್ತಾರೆ. ಆಮೇಲೆ ತಂದ ಅಡುಗೆಯನ್ನೆಲ್ಲ ಒಂದಿಷ್ಟು ಕಲಸಿ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಅದಾದ ಮೇಲೆಯೇ ನೆಳಲಿನಲ್ಲಿ ಎಲ್ಲರೂ ಕೂತು ಉಣ್ಣುವುದು. ಮಣ್ಣಿಗೂ ದಣಿವಿದೆ, ಮಣ್ಣಿಗೂ ಬಾಯಿಚಪಲವಿದೆ ಎಂದು ಒಪ್ಪಿಕೊಳ್ಳುವ ಹಬ್ಬ ಇದು. ಇಷ್ಟು ಮರ್ಯಾದೆಯ ಹಬ್ಬ ಇನ್ನೊಂದು ನನಗೆ ಗೊತ್ತಿಲ್ಲ.

ಆದರೆ ಆ ಬುತ್ತಿ ಕಟ್ಟಿದವಳ ಕಡೆಯಿಂದ ಅದೇ ದಿನವನ್ನು ನೋಡಿ. ಹೋಳಿಗೆ ಅಂದರೆ ಕಡ್ಲಿಬ್ಯಾಳಿ ಕುದಿಸಬೇಕು, ಕಟ್ಟು ಬಸಿಯಬೇಕು, ಬೆಲ್ಲ ಹಾಕಿ ಹೂರಣ ಮಾಡಿ ರುಬ್ಬಬೇಕು, ಕಣಕ ನಾದಿ ನೆನೆಯಿಡಬೇಕು, ತುಂಬಿ ಲಟ್ಟಿಸಿ ಬೇಯಿಸಬೇಕು. ಬಸಿದ ಕಟ್ಟಿಗೆ ಒಗ್ಗರಣೆ ಕೊಟ್ಟು ಸಾರು ಮಾಡಬೇಕು. ಅದರ ಜೊತೆ ಕಡಬು, ಕರ್ಚಿಕಾಯಿ, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಕೋಸಂಬರಿ, ಚಿತ್ರಾನ್ನ, ಮೊಸರ ಬುತ್ತಿ. ಹೊಲಕ್ಕೆ ಹೊತ್ತೇರುವ ಮುಂಚೆ ಹೊರಡಬೇಕಾದರೆ ಒಲೆ ಹೊತ್ತುವುದು ನಸುಕಿನಲ್ಲಿ. ಬಸುರಿ ಭೂಮಿಯ ದಣಿವನ್ನು ನೆನೆಯುವ ಹಬ್ಬದಲ್ಲಿ ಹೆಚ್ಚು ದಣಿಯುವವಳು ಒಬ್ಬ ಹೆಂಗಸು. ಒಮ್ಮೊಮ್ಮೆ ಅವಳೂ ಬಸುರಿಯೇ. ಅವಳ ದಣಿವಿಗೆ ಮಾತ್ರ ಪಂಚಾಂಗದಲ್ಲಿ ಒಂದು ಹುಣ್ಣಿಮೆಯಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಹಾಗಾದರೆ ಅಂಗಡಿಯಿಂದ ಹೋಳಿಗೆ ತಂದುಬಿಡಿ, ಸಂಪ್ರದಾಯ ಮುಗಿಯಿತಲ್ಲ ಎನ್ನುತ್ತಾರೆ. ಸಂಪ್ರದಾಯವೆಂದರೆ ಕಷ್ಟವೇ ಎಂದು ಈ ಮಾತು ಮೊದಲೇ ಒಪ್ಪಿಕೊಂಡುಬಿಟ್ಟಿದೆ. ನಮ್ಮ ಹಳೆಯ ಬುತ್ತಿಯನ್ನು ಬಿಚ್ಚಿ ನೋಡಿದರೆ ಅದು ಹಾಗಿಲ್ಲ. ಸಜ್ಜಿ ರೊಟ್ಟಿಯನ್ನು ಬೇಯಿಸಿ ಒಣಗಿಸಿ ದಿನಗಟ್ಟಲೆ ಮೊದಲೇ ಒಟ್ಟಿಡಬಹುದು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಎಂದೋ ಕುಟ್ಟಿಟ್ಟವು. ಶೇಂಗಾ ಹೋಳಿಗೆ ನಾಲ್ಕು ದಿನ ಕೆಡುವುದಿಲ್ಲ. ಬಸಿದ ಕಟ್ಟು ಚೆಲ್ಲದೆ ಸಾರಾಗುತ್ತದೆ. ಇದೆಲ್ಲ ದಣಿವು ಉಳಿಸುವ ಜಾಣತನ. ಹಬ್ಬದ ಮುಂಚೆ ಓಣಿಯ ಹೆಂಗಸರು ಒಬ್ಬರ ಮನೆಯಲ್ಲಿ ಇವತ್ತು, ಇನ್ನೊಬ್ಬರ ಮನೆಯಲ್ಲಿ ನಾಳೆ ಎಂದು ಕೂಡಿ ರೊಟ್ಟಿ ಬಡಿಯುತ್ತಿದ್ದುದನ್ನು ನಮ್ಮ ಆಯಿ ಈಗಲೂ ಹೇಳುತ್ತಾಳೆ. ಸಂಪ್ರದಾಯಕ್ಕೂ ಸುಲಭದ ಅಡುಗೆ ಗೊತ್ತಿತ್ತು. ಅದರ ಸುಲಭ ಮುಂದಾಲೋಚನೆಯಿಂದ ಮತ್ತು ಹೆಚ್ಚು ಕೈಗಳಿಂದ ಬರುತ್ತಿತ್ತು. ಇವತ್ತು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಉಳಿದದ್ದು ಅದೇ ಅಡುಗೆಯ ಪಟ್ಟಿ, ಹೋದದ್ದು ಆ ಕೈಗಳು.

ಕೈಗಳ ಜಾಗಕ್ಕೆ ಯಂತ್ರ ಬಂತಲ್ಲ ಎನ್ನಬಹುದು. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು, ಅದು ನಿಜವಾದ ಬಿಡುಗಡೆಯೇ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಓದುವಾಗ ಬೀಸುವ ಕಲ್ಲಿನ ಮುಂದೆ ಹುಟ್ಟಿದ ತ್ರಿಪದಿಗಳಿಗೆ ನಾವು ಮರುಳಾಗುತ್ತೇವೆ, ಆ ಲೋಕ ಹೋಯಿತೆಂದು ಹಲುಬುತ್ತೇವೆ. ಆಯಿಯನ್ನು ಕೇಳಿದರೆ, "ಹಾಡು ಚಲೋ ಇದ್ವು, ರಟ್ಟಿ ಬಿದ್ದು ಹೋಗತಿದ್ವು" ಅನ್ನುತ್ತಾಳೆ. ಹಾಡನ್ನು ಉಳಿಸಿಕೊಳ್ಳಲು ಕಲ್ಲನ್ನು ವಾಪಸು ತರಬೇಕಿಲ್ಲ.

ಆದರೂ ಯಂತ್ರದ ಕಥೆ ಅಷ್ಟು ಸರಳವಲ್ಲ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲಿ ಬರೆದ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದಲ್ಲಿ ಒಂದು ವಿಚಿತ್ರವನ್ನು ತೋರಿಸುತ್ತಾರೆ. ಮನೆಗೆ ಹೊಸ ಒಲೆ, ಗಿರಣಿಯ ಹಿಟ್ಟು, ನಲ್ಲಿಯ ನೀರು ಬಂದಾಗ ಕಟ್ಟಿಗೆ ಕಡಿಯುವ, ಕಾಳು ಒಡೆಯುವ, ನೀರು ತರುವ ಕೆಲಸಗಳು ಹೋದವು. ಅವುಗಳಲ್ಲಿ ಬಹಳಷ್ಟು ಗಂಡಸರ ಮತ್ತು ಮಕ್ಕಳ ಪಾಲಿನವು. ತಾಯಿಯ ಕೆಲಸ ಇಳಿಯಲಿಲ್ಲ, ಯಾಕೆಂದರೆ ನಿರೀಕ್ಷೆ ಏರಿತು. ಒಂದೇ ಪಾತ್ರೆಯ ಊಟದ ಜಾಗಕ್ಕೆ ಬಗೆಬಗೆಯ ಊಟ ಬಂತು. ನಮ್ಮ ಮನೆಗಳಲ್ಲೂ ಇದನ್ನು ನೋಡಬಹುದು. ಮಿಕ್ಸರ್ ಬಂದು ಉಳಿಸಿದ ಒಂದು ತಾಸು ಇನ್ನೊಂದು ಸಿಹಿಯಾಗಿ ತಾಟಿಗೆ ಬಿತ್ತು. 2019ರ ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮನೆಗೆಲಸಕ್ಕೆ ಕೈ ಹಚ್ಚಿದ ಗಂಡಸರ ಲೆಕ್ಕ; ಅಂಥವರು ನೂರಕ್ಕೆ 26 ಮಾತ್ರ. ಕುಕ್ಕರ್, ಗ್ಯಾಸ್, ಮಿಕ್ಸರ್ ಎಲ್ಲ ಬಂದ ಮೇಲಿನ ಅಂಕಿ ಇವು.

ಗಂಡಸರಿಗೆ ಅಡುಗೆ ಬರುವುದಿಲ್ಲ ಎನ್ನುವ ಮಾತೂ ನಿಲ್ಲುವುದಿಲ್ಲ. ಮದುವೆಯ ಮನೆಗಳಲ್ಲಿ, ಮಠಗಳ ದಾಸೋಹದಲ್ಲಿ ದೊಡ್ಡ ಕೊಪ್ಪರಿಗೆಗಳ ಮುಂದೆ ಸೌಟು ಹಿಡಿದು ನಿಂತವರು ಬಹುಪಾಲು ಗಂಡಸರೇ. ಸಾವಿರ ಜನಕ್ಕೆ ಮಾಡಿದರೆ ಅದು ಕಸುಬು ಅಥವಾ ಸೇವೆ, ಅದಕ್ಕೊಂದು ಹೆಸರಿದೆ. ಎಂಟು ಜನಕ್ಕೆ ಮಾಡಿದರೆ ಅದು ಹೆಂಗಸಿನ ಸ್ವಭಾವ ಅನ್ನಿಸಿಕೊಳ್ಳುತ್ತದೆ.

ಹಾಗಿದ್ದರೆ ಹೆಂಗಸರೇ ಯಾಕೆ ಪಟ್ಟಿ ಸಣ್ಣದು ಮಾಡಿಕೊಳ್ಳುವುದಿಲ್ಲ? "ಈ ಸಲ ಕಡಬು, ಬುತ್ತಿ ಅಷ್ಟ ಸಾಕವ್ವಾ" ಎಂದು ನಾನು ಹೇಳಿದಾಗ ಅವ್ವನ ಉತ್ತರ, "ಅಷ್ಟ ಮಾಡಿದ್ರ ಮಂದಿ ಏನಂದಾರು?" ಈ 'ಮಂದಿ'ಯನ್ನು ಬರೀ ಭಯವೆಂದು ತಳ್ಳಿಹಾಕುವುದು ಓದಿದವರಿಗೆ ಸಸಾರ. ವರ್ಷವಿಡೀ ಅವಳ ಕೆಲಸ ಕಣ್ಣಿಗೆ ಬೀಳುವುದಿಲ್ಲ, ಬೆಳಗ್ಗೆ ಮಾಡಿದ್ದು ಮಧ್ಯಾಹ್ನಕ್ಕೆ ಕರಗುತ್ತದೆ. ಹಬ್ಬದ ದಿನ ಮಾತ್ರ ತಾಟಿನ ಉದ್ದಗಲದಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಹನ್ನೆರಡು ಬಗೆಯನ್ನು ಆರಕ್ಕೆ ಇಳಿಸಿ ಎನ್ನುವಾಗ ಅವಳ ದಣಿವನ್ನಷ್ಟೇ ಅಲ್ಲ, ಅವಳಿಗೆ ಸಿಗುವ ಒಂದೇ ಒಂದು ಮನ್ನಣೆಯನ್ನೂ ಅರ್ಧ ಮಾಡುತ್ತಿರುತ್ತೇವೆ. ಬದಲಿಗೆ ಬೇರೆ ಮನ್ನಣೆ ಕೊಡದೆ ಇದನ್ನು ಕೇಳುವುದು ನ್ಯಾಯವಲ್ಲ.

ಕೊಂಡು ತರುವ ದಾರಿಯನ್ನೂ ಇದೇ ಕಣ್ಣಿನಿಂದ ನೋಡಬೇಕು. ಅವಳಿ ನಗರದ ಎಷ್ಟೋ ಓಣಿಗಳಲ್ಲಿ ಈಗ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಕರ್ಚಿಕಾಯಿ ಸಿಗುತ್ತವೆ. ಅವುಗಳ ಹಿಂದೆಯೂ ಹೆಚ್ಚಾಗಿ ಹೆಂಗಸರ ಕೈಗಳೇ ಇವೆ, ಹಬ್ಬದ ಮುಂಚಿನ ರಾತ್ರಿ ಅವರಿಗೆ ನಿದ್ದೆ ಕಡಿಮೆ. ದಣಿವು ಮಾಯವಾಗಿಲ್ಲ, ಮನೆ ಬದಲಿಸಿದೆ. ಆದರೂ ಒಂದು ವ್ಯತ್ಯಾಸವಿದೆ: ಇಲ್ಲಿ ಅದಕ್ಕೆ ದುಡ್ಡಿದೆ. ಹಾಗಾಗಿ ಕೊಂಡ ರೊಟ್ಟಿಯಲ್ಲಿ ಭಕ್ತಿ ಕಡಿಮೆ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದರ ಬೆಲೆಯಲ್ಲಿ ಚೌಕಾಸಿ ಮಾಡಿ, ಉಳಿಸಿದ ಹತ್ತು ರೂಪಾಯಿಯಲ್ಲಿ ದೇವರಿಗೆ ಹೂ ತರುವುದನ್ನು ಮಾತ್ರ ಒಪ್ಪಲಾರೆ.

ಈ ಗೋಜಲಿನಲ್ಲಿ ನನಗೆ ದಾರಿ ತೋರಿಸುವವಳು ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ. ಅವಳ ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ, ಅದರಲ್ಲೇ ಇಬ್ಬರೂ ದಾಸೋಹ ನಡೆಸುತ್ತಿದ್ದರು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಮೆಚ್ಚಲಿಲ್ಲ, ಹೆಚ್ಚಿನದನ್ನು ಇದ್ದಲ್ಲೇ ಸುರಿದು ಬಾ ಎಂದು ಕಳಿಸಿದಳು. ಈ ಕಥೆಯನ್ನು ಆಸೆಯ ವಿರುದ್ಧದ ಪಾಠವಾಗಿ ನಾವೆಲ್ಲ ಶಾಲೆಯಲ್ಲಿ ಕೇಳಿದ್ದೇವೆ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಎಷ್ಟು ಸಾಕು ಎಂದು ಹೇಳಿದವಳು ಒಲೆಯ ಮುಂದೆ ನಿಲ್ಲುವವಳು. ಅವಳ 'ಸಾಕು' ದಾಸೋಹವನ್ನು ಸಣ್ಣದು ಮಾಡಲಿಲ್ಲ, ಅದನ್ನು ಶುದ್ಧವಾಗಿಟ್ಟಿತು. ಬೆಲೆ ಅಡುಗೆಯ ಮೊತ್ತದಲ್ಲೂ ಇರಲಿಲ್ಲ, ಪಟ್ಟ ಪಾಡಿನಲ್ಲೂ ಇರಲಿಲ್ಲ. ಯಾರಿಗೆ, ಯಾವ ಮನಸ್ಸಿನಿಂದ, ಯಾರ ದುಡಿಮೆಯಿಂದ ಎಂಬುದರಲ್ಲಿತ್ತು.

ಸುಲಭದ ಅಡುಗೆ ಯಾವುದು ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು ಎಂದು ಈಗ ನಾನು ನಂಬಿದ್ದೇನೆ. ಎಷ್ಟು ಸಾಕು ಎಂದು ನಿರ್ಧರಿಸುವವರು ಯಾರು? ಎಷ್ಟು ಕೈಗಳಿವೆ? ಈ ಎರಡಕ್ಕೂ ಉತ್ತರವಿದ್ದರೆ ಹೋಳಿಗೆಯೂ ಸುಲಭ. ಇಲ್ಲದಿದ್ದರೆ ಚಿತ್ರಾನ್ನವೂ ಕಷ್ಟ. ಈ ಸಲದ ಶೀಗಿ ಹುಣ್ಣಿಮೆಗೆ ನಮ್ಮ ಮನೆಯ ಪಟ್ಟಿಯನ್ನು ಎರಡು ಸಾಲಿನಲ್ಲಿ ಬರೆದೆವು. ಒಂದರಲ್ಲಿ ಅಡುಗೆ, ಅದರ ಎದುರು ಮಾಡುವವರ ಹೆಸರು. ಸಜ್ಜಿ ರೊಟ್ಟಿ ಕೊಂಡು ತರುವುದು, ದುಡ್ಡು ಅಪ್ಪನದು. ಬದನೆಕಾಯಿ ಸೀಳಿ ಮಸಾಲೆ ತುಂಬಿ ಎಣ್ಣಿಗಾಯಿ ಮಾಡುವವನು ಅಣ್ಣ. ಹೆಸರುಬ್ಯಾಳಿ ನೆನೆಹಾಕಿ ಕೋಸಂಬರಿ ಮಾಡುವುದು, ಹಿಂದಿನ ದಿನವೇ ಶೇಂಗಾ ಹುರಿದು ಚಟ್ನಿ ಕುಟ್ಟುವುದು ನಾನು. ಮೊಸರ ಬುತ್ತಿ ವೈನಿಯದು. ಪಾತ್ರೆ ತೊಳೆಯುವುದನ್ನೂ ಅಡುಗೆಯ ಸಾಲಿನಲ್ಲೇ ಬರೆದೆವು, ಯಾಕೆಂದರೆ ವಿಡಿಯೋಗಳ 'ಅರ್ಧ ತಾಸಿ'ನಲ್ಲಿ ಅದು ಎಂದೂ ಲೆಕ್ಕಕ್ಕೆ ಬರುವುದಿಲ್ಲ.

ಹೋಳಿಗೆಯನ್ನು ಪಟ್ಟಿಯಿಂದ ಕೈಬಿಟ್ಟಿದ್ದೆವು. ಅವ್ವ ಅದನ್ನು ಓದಿ ಕೆಳಗೆ ತಾನೇ ಬರೆದಳು: "ಹೋಳಗಿ, ನಾನು." ಯಾಕೆಂದು ಕೇಳಿದರೆ, "ನನಗ ಮಾಡಾಕ ಚಲೋ ಅನಸ್ತೈತಿ, ಮಂದಿ ಸಲುವಾಗಿ ಅಲ್ಲ" ಅಂದಳು. ಅದರ ಮೇಲೆ ನಾನು ಮಾತಾಡಲಿಲ್ಲ. ಆರಿಸಿಕೊಂಡ ದಣಿವು ಬೇರೆ, ಹೇರಿದ ದಣಿವು ಬೇರೆ. ಮೊದಲನೆಯದನ್ನು ಕಸಿದುಕೊಳ್ಳುವ ಹಕ್ಕು ಯಾವ ಸಿದ್ಧಾಂತಕ್ಕೂ ಇಲ್ಲ. ಆದರೆ ಅವಳು ಆರಿಸಿಕೊಂಡಳು ಎಂದು ಹೇಳಬೇಕಾದರೆ ಬೇಡ ಎನ್ನುವ ಅವಕಾಶವೂ ಅವಳಿಗೆ ಇರಬೇಕು. ಆ ಅವಕಾಶವನ್ನು ಉಣ್ಣುವವರು ಅಡುಗೆಮನೆಗೆ ಬಂದು ನಿಂತೇ ಕೊಡಬೇಕು, ಗುಂಪಿಗೆ ವಿಡಿಯೋ ಕಳಿಸಿ ಅಲ್ಲ.